ಮೊದಲು ಬದು, ಆಮೇಲೆ ಮನೆ

ಟೆಕ್ಸಾಸಿನ ಆಸ್ಟಿನ್ನಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದ ಧಾರವಾಡ ಕಡೆಯ ಸೀನಿಯರ್, ಐರ್ಲೆಂಡಿನ ಒಂದು ಹಳ್ಳಿಗಾಡಿನ ಜಿಲ್ಲೆಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದರು. ಊಟದ ಮೇಜಿನ ಮೇಲೆ ಅಲ್ಲಿನ 1840ರ ದಶಕದ ಮಹಾ ಬರಗಾಲಕ್ಕೆ ಮುಂಚಿನ ನಕ್ಷೆ ಹಾಸಿ, ಮೂಲೆಗಳಿಗೆ ನಮ್ಮ ಸ್ಟೀಲ್ ಲೋಟ ಇಟ್ಟು, ಬರಗಾಲದ ನಂತರದ ನಕ್ಷೆಯನ್ನು ಟ್ರೇಸಿಂಗ್ ಹಾಳೆಯಲ್ಲಿ ಬರೆದು ಅದರ ಮೇಲೆ ಹೊದಿಸುತ್ತಿದ್ದರು. ನಾನು ಬಗ್ಗಿ ನೋಡಿದರೆ, "ಮೊದಲ ಬದು ನೋಡ್ರಿ, ಮನಿ ಆಮ್ಯಾಲ," ಎನ್ನುತ್ತಿದ್ದರು.

ಆ ಜಿಲ್ಲೆಯಿಂದ ಬಂದ ಮನೆತನದ ಅಜ್ಜಿಯೊಬ್ಬರು ಹ್ಯೂಸ್ಟನ್ನಿನಲ್ಲಿದ್ದರು. ಊರಿನ ಹಳೆಯ ಪತ್ರಗಳ ಪೆಟ್ಟಿಗೆ ಅವರಲ್ಲಿತ್ತು. ಅದಿಲ್ಲದೆ ಇವರ ಥೀಸಿಸ್ ಮುಗಿಯುವಂತಿರಲಿಲ್ಲ. ಪ್ರಿಂಟ್ ತೆಗೆದ ದಾರಿ ನೋಡಿಕೊಂಡು ನಾನೇ ಡ್ರೈವ್ ಮಾಡಿದೆ. ಪಕ್ಕದಲ್ಲಿ ಇವರು ಚೀಟಿಯೊಂದರಲ್ಲಿ ಏನೋ ಬರೆಯುತ್ತಿದ್ದರು.

"ಪೆಟ್ಟಿಗೆ ಕೈಗೆ ಬರೋವರೆಗೂ ಬಾಯಿ ಬಿಡ್ಬೇಡಿ, ದಯವಿಟ್ಟು," ಎಂದೆ. ಇವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡರು.

ಅಜ್ಜಿ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು, ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳಿದರು: "ನಮ್ಮವರನ್ನು ಒಕ್ಕಲೆಬ್ಬಿಸಿ ಹೊಲ ನುಂಗಿದವರು ಯಾರು, ತೋರಿಸಪ್ಪ."

ಇವರು ಹಳೆಯ ನಕ್ಷೆ ಹಾಸಿ, ಟ್ರೇಸಿಂಗ್ ಹಾಳೆಯನ್ನು ಅವರ ಕೈಗೇ ಕೊಟ್ಟು, ಮೊದಲು ಬದು ನೋಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಜ್ಜಿ ತಾವೇ ಹೊದಿಸಿದರು. ಕೆಳಗಿದ್ದ ಐದು ಮನೆ, ಐದು ತುಂಡು ಹೊಲಗಳ ಮೇಲೆ ಒಂದೇ ದೊಡ್ಡ ಹೊಲ ಕೂತಿತು. ದಾಖಲೆ ನೋಡಿ ಇವರು ಅದರೊಳಗೆ ಬರೆದಿದ್ದ ಹೆಸರು ಅಜ್ಜಿಯ ಮನೆತನದ್ದೇ.

ಅಜ್ಜಿ ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಂಡರು. ನಾವು ನಕ್ಷೆ ಸುತ್ತಿಕೊಂಡು ಎದ್ದೆವು. ನನಗೆ ಇವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಬಾಗಿಲ ಬಳಿ ಬಂದಾಗ ಹಿಂದಿನಿಂದ ಅಜ್ಜಿಯ ದನಿ ಕೇಳಿತು. "ಆ ಐದು ಮನೆಯವರ ಹೆಸರೇನು?"

ಇವರು ಹಿಂತಿರುಗಿ ಹೋಗಿ, ಜೇಬಿನಲ್ಲಿದ್ದ ಚೀಟಿಯನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟರು.