ಹತ್ತನೇ ಚಾನೆಲ್

ಈ ವರ್ಷ ಜನವರಿ ಎರಡನೇ ವಾರ ದೇವದುರ್ಗದಲ್ಲಿ ನನ್ನ ಅಣ್ಣನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ನಿಧಾನಕ್ಕೆ ಸರಿಯಾಯಿತು. ಎಡಗೈ ಏಳಲಿಲ್ಲ. ಗುಡಿಯ ಸೋಮವಾರದ ಭಜನೆಯಲ್ಲಿ ಅತ್ತಿಗೆ ಹಾರ್ಮೋನಿಯಂ ನುಡಿಸುತ್ತ ಹಾಡುತ್ತಿದ್ದರು, ಅಣ್ಣ ತಬಲಾ ಬಾರಿಸುತ್ತಿದ್ದ. ಮದುವೆಯಾದಾಗಿನಿಂದ ಹಾಗೇ ನಡೆದಿತ್ತು. ಈಗ ಅವನು ಗುಡಿಯ ಕಡೆಗೇ ಹೋಗುತ್ತಿರಲಿಲ್ಲ.

ಭಜನೆಯವರು ಮೊಬೈಲಿನಲ್ಲಿ ತಾಳ ಹಚ್ಚಿಕೊಂಡು ಹಾಡಿ ನೋಡಿದರು. ಅತ್ತಿಗೆಗೆ ಒಗ್ಗಲಿಲ್ಲ. "ನಾ ಉಸುರು ತಗೊಳ್ಳಾಕ ನಿಂತ್ರ ಅದು ನಿಲ್ಲಂಗಿಲ್ಲ. ತನ್ನ ಪಾಡಿಗೆ ತಾ ಓಡ್ತದ," ಎಂದರು.

ಅವರ ಮಗಳು ಶಕ್ತಿನಗರದಲ್ಲಿ ಟೆಕ್ನಿಷಿಯನ್. ಒಂದು ಭಾನುವಾರ ಕೀಬೋರ್ಡು, ಲ್ಯಾಪ್‌ಟಾಪು ಹೊತ್ತು ತಂದಳು. ನಾನೂ ರಾಯಚೂರಿನಿಂದ ಹೋಗಿದ್ದೆ. ಕೀಬೋರ್ಡಿನಿಂದ ಲ್ಯಾಪ್‌ಟಾಪಿಗೆ ಹೋಗುವ ಮಿಡಿ ಸಂಕೇತಕ್ಕೆ ಹದಿನಾರು ಚಾನೆಲ್‌ಗಳಿವೆ, ಒಂದೊಂದಕ್ಕೆ ಒಂದೊಂದು ವಾದ್ಯ ಕೂಡಿಸಿ ಎಲ್ಲವನ್ನೂ ಒಟ್ಟಿಗೆ ನುಡಿಸಬಹುದು ಎಂದಳು. ಮೊದಲನೆಯದು ಹಾರ್ಮೋನಿಯಂ. ಹತ್ತನೆಯದು ಸಾಮಾನ್ಯವಾಗಿ ತಾಳವಾದ್ಯಕ್ಕೆ ಮೀಸಲು. ಅದರಲ್ಲಿ ಅವಳು ಮೊದಲೇ ಸಿದ್ಧಮಾಡಿದ ತಾಳ ಓಡುವುದಿತ್ತು. ಅತ್ತಿಗೆ ಉಸಿರಿಗೆ ನಿಂತಾಗ ಯಾರಾದರೂ ಗುಂಡಿ ಒತ್ತಿ ಅದನ್ನು ನಿಲ್ಲಿಸಬೇಕು.

ಅತ್ತಿಗೆ ಸರಿಗಮ ಹಿಡಿದರು. ಕೇಳಿಸಿದ್ದು ಡೋಲು, ಚಪ್ಪಾಳೆ, ಕೊನೆಗೊಂದು ಸೀಟಿ.

"ಹಾರ್ಮೋನಿಯಂ ಬಾರಸಾಕತ್ತಿಯೋ, ಬಸ್‌ಸ್ಟ್ಯಾಂಡಿನ್ಯಾಗ ಗಾಡಿ ಬಿಡಸಾಕತ್ತಿಯೋ?" ಎಂದ ಅಣ್ಣ.

"ನನಗೇನ್ ಕೇಳ್ತೀರಿ, ಹಚ್ಚಿದಾಕಿ ನಿಮ್ಮ ಮಗಳು."

ಹಾರ್ಮೋನಿಯಂನ ಕೀಗಳು ತಪ್ಪಿ ತಾಳವಾದ್ಯದ ಹತ್ತನೇ ಚಾನೆಲ್‌ಗೆ ಕೂಡಿಕೊಂಡಿದ್ದವು. ಮಗಳು ಸರಿಪಡಿಸಲು ಹೋದಾಗ ಅಣ್ಣ ತಡೆದ.

"ತಡಿ ಬೇ. ಒಂದೊಂದು ಕೀಗೆ ಒಂದೊಂದು ಪೆಟ್ಟು ಅದ ಏನು?"

"ಹೂಂ ಯಪ್ಪಾ."

ಅವನು ಬಲಗೈ ಚಾಚಿದ. ದಪ್ಪ ಸದ್ದಿನ ಕೀ ಮೇಲೆ ಹೆಬ್ಬೆರಳು, ಸಣ್ಣ ಸದ್ದಿನದರ ಮೇಲೆ ತೋರುಬೆರಳು. ಎರಡು ಕೈ ಬೇಡುತ್ತಿದ್ದ ತಬಲಾದ ಠೇಕಾ ಒಂದೇ ಕೈಯಲ್ಲಿ, ತಡವರಿಸುತ್ತ, ಒಂದು ಸುತ್ತು ಬಂತು.

ಮುಂದಿನ ಭಾನುವಾರ ಮಗಳು ಅಟ್ಟದಿಂದ ಅವನ ತಬಲಾ, ಎಡಗೈಯಿಂದ ಬಾರಿಸುವ ಡಗ್ಗಾ ಕೆಳಗಿಳಿಸಿದಳು. ಅವನು ಬಲಗೈಯಿಂದಲೇ ಒಂದೊಂದು ಪೆಟ್ಟು ಹೊಡೆದ, ಅವಳು ಒಂದೊಂದನ್ನೇ ರೆಕಾರ್ಡ್ ಮಾಡಿ ಎಡಭಾಗದ ಕೀಗಳಿಗೆ ಕೂಡಿಸಿದಳು. ಅವು ಹತ್ತನೇ ಚಾನೆಲ್. ಬಲಭಾಗದ ಕೀಗಳು ಮೊದಲನೆಯದು, ಅತ್ತಿಗೆಯ ಹಾರ್ಮೋನಿಯಂ. ಗಂಡಹೆಂಡತಿ ಒಂದೇ ಕೀಬೋರ್ಡಿನ ಮುಂದೆ ಕೂತರು.

"ಮೊಣಕೈ ಸರಸ್ರಿ, ನನ್ನ ಕಡೆ ಬಂದೀರಿ."

"ನಿನ್ನ ಕಡೆ ಬರದ ಎಲ್ಲಿ ಹೋಗ್ಲಿ?"

ಮೊದಲು ಮಾನ್ವಿಯಲ್ಲಿ, ಅತ್ತಿಗೆಯ ತವರುಮನೆಯಲ್ಲಿ ನುಡಿಸಿ ನೋಡಿದರು. ಎರಡನೇ ನುಡಿಯ ನಡುವೆ ಅತ್ತಿಗೆ ಉಸಿರಿಗೆ ನಿಂತರು. ಅಣ್ಣನ ಬೆರಳುಗಳೂ ನಿಂತವು. ಅವರು ಎತ್ತಿಕೊಂಡಾಗ ಅವನೂ ಎತ್ತಿಕೊಂಡ.

ಕಳೆದ ಸೋಮವಾರ ಅವನು ದೇವದುರ್ಗದ ಗುಡಿಗೆ ಹೋಗಿ ನಾಲ್ಕು ಹಾಡಿಗೆ ನುಡಿಸಿದ. ಐದನೆಯದಕ್ಕೆ ಮೊದಲು, ಬಲಗೈಯಿಂದ ಎಡಗೈ ಎತ್ತಿ ಕೀಬೋರ್ಡಿನ ಮೇಲಿಟ್ಟುಕೊಂಡ. ಆ ಹಾಡಿನಲ್ಲಿ ಎಡಗೈಯ ನಡುಬೆರಳು ತಾನೇ ಡಗ್ಗಾದ ಕೀಯನ್ನು ಮೂರು ಸಲ ಒತ್ತಿತು.