ತಪ್ಪು ನನ್ನದೇ ಆಗಿರಲಿ ಎಂದು ಬೇಡಿಕೊಂಡೆ

ಕಳೆದ ಕಾರ್ತಿಕದಲ್ಲಿ ನನ್ನ ಅಮ್ಮ ಹೇರೋಹಳ್ಳಿ ಬಸ್ಸಿನಲ್ಲಿ ಕುಸಿದು ಬಿದ್ದರು. ಸೋಂಕು ಮಿದುಳಿನ ಪೊರೆಗೆ ತಗುಲಿತ್ತು. ಸೇರಿಸಿದ್ದು ನಾನು ಲ್ಯಾಬ್ ಟೆಕ್ನಿಷಿಯನ್ ಆಗಿರುವ ಆಸ್ಪತ್ರೆಗೇ. ಅವರ ಬೆನ್ನುಮೂಳೆಯಿಂದ ತೆಗೆದ ನೀರನ್ನು ಹಟ ಹಿಡಿದು ನಾನೇ ಪರೀಕ್ಷಿಸಿದೆ.

ಸ್ಲೈಡಿಗೆ ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಆಲ್ಕೊಹಾಲ್, ಕೊನೆಗೆ ಕೆಂಪು ಸ್ಯಾಫ್ರನಿನ್. ಕೆಲವು ಬ್ಯಾಕ್ಟೀರಿಯಾ ನೇರಳೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಳಿದವು ಆಲ್ಕೊಹಾಲ್‌ನಲ್ಲಿ ಅದನ್ನು ಕಳೆದುಕೊಂಡು ಗುಲಾಬಿಯಾಗುತ್ತವೆ. ಅಮ್ಮನದು ಗುಲಾಬಿ ಕಂಡಿತು. ಹಾಗೆಯೇ ಬರೆದೆ.

ಹಿರಿಯ ಟೆಕ್ನಿಷಿಯನ್ ಶಶಿಕಲಾ ಮೇಡಂ, "ಇನ್ನೊಂದ್ಸಲ ಹಾಕೇ. ಆಲ್ಕೊಹಾಲ್ ಜಾಸ್ತಿ ಹೊತ್ತು ಬಿಟ್ಟಿದ್ಯೇನೋ" ಎಂದರು.

"ಅನುಮಾನಕ್ಕೆ ಆಧಾರ ಕೊಡಿ ಮೇಡಂ. ಸುಮ್ನೆ ಏನೋ ಅಂದ್ರೆ ವಾದ ಆಗಲ್ಲ."

"ಕಾಲೇಜ್ ಡಿಬೇಟ್ ಅಲ್ಲಮ್ಮ ಇದು."

ಆದರೂ ಗೆದ್ದವಳು ನಾನೇ. ರಿಪೋರ್ಟ್ ನೋಡಿ ಡಾಕ್ಟರು, ಕೊಡುತ್ತಿದ್ದ ಎರಡು ಔಷಧಗಳಲ್ಲಿ ನೇರಳೆ ಬ್ಯಾಕ್ಟೀರಿಯಾಕ್ಕೆ ಬೇಕಾದುದನ್ನು ನಿಲ್ಲಿಸಿದರು.

ಮೂರನೇ ದಿನ ಅಮ್ಮನಿಗೆ ಫಿಟ್ಸ್ ಬಂತು. ನನ್ನ ಗುರುತೂ ಸಿಗಲಿಲ್ಲ. "ಕೊಡಬೇಕಾದ್ದು ಕೊಡ್ತಾ ಇದೀವಿ, ಕೇಳ್ತಾ ಇಲ್ಲ" ಎಂದರು ಡಾಕ್ಟರು. ನನ್ನ ರಿಪೋರ್ಟ್ ಸರಿಯಿದ್ದರೆ ಅಮ್ಮ ಉಳಿಯುವುದಿಲ್ಲ, ತಪ್ಪಿದ್ದರೆ ನಿಲ್ಲಿಸಿದ ಔಷಧವಾದರೂ ಇದೆ ಎಂದು ಆಗ ಹೊಳೆಯಿತು. ಅಮ್ಮ ಪ್ರತಿ ಶನಿವಾರ ಹೋಗುತ್ತಿದ್ದ ಮಹಾಲಕ್ಷ್ಮಿ ಲೇಔಟ್‌ನ ಆಂಜನೇಯನ ಬಗ್ಗೆ ನಾನು ಆಡದ ಮಾತಿರಲಿಲ್ಲ. ಲ್ಯಾಬಿನ ಸಿಂಕ್ ಹಿಡಿದು ನಿಂತು ಅವನನ್ನೇ ಬೇಡಿದೆ: ಸ್ವಾಮಿ, ತಪ್ಪು ನನ್ನದೇ ಆಗಿರಲಿ.

ಆದರೆ ಮತ್ತೆ ನೋಡಲು ಏನೂ ಉಳಿದಿರಲಿಲ್ಲ. ಅದೇ ನೀರಿನ, ಬಣ್ಣ ಹಾಕದ ಇನ್ನೊಂದು ಸ್ಲೈಡನ್ನು ನಾನೇ ಬಿಸಾಡಲು ಇಟ್ಟಿದ್ದೆ. ಮೇಡಂ ಬಳಿ ಹೋಗಿ ಅತ್ತೆ. ಅವರು ಡ್ರಾಯರ್ ಎಳೆದರು.

"ಬಿಸಾಕೋ ಟ್ರೇಲಿ ಇತ್ತು, ಎತ್ತಿಟ್ಟೆ. ಯಾಕೆ ಅಂತ ಕೇಳ್ಬೇಡ, ಆಧಾರ ಇಲ್ಲ."

ಅವರೇ ಬಣ್ಣ ಹಾಕಿದರು. ನೇರಳೆ. ಅಚ್ಚ ನೇರಳೆ. ನಿಲ್ಲಿಸಿದ್ದ ಔಷಧ ಆ ಮಧ್ಯಾಹ್ನವೇ ಮತ್ತೆ ಶುರುವಾಯಿತು. ಒಂದು ವಾರದ ಮೇಲೆ ಅಮ್ಮ ನನ್ನ ಹೆಸರು ಹಿಡಿದು ಕರೆದರು. ಎಡಗಿವಿ ಮಾತ್ರ ಹೋಯಿತು, ಜೊತೆಗೆ ನಡಿಗೆಯ ಹಿಡಿತವೂ. ಅದು ನನ್ನ ಕೈಯ ಕೆಲಸ, ಆಂಜನೇಯನದಲ್ಲ.

ಭಕ್ತರೇ, ಗುಣಪಡಿಸಿದ್ದು ಔಷಧವಲ್ಲವೇ ಎಂದು ನನ್ನಂಥವರು ನಿಮ್ಮನ್ನು ಕೇಳುತ್ತಾರೆ. ಹೌದು, ಔಷಧವೇ. ಆದರೆ ಅದು ಮೊದಲ ದಿನದಿಂದಲೂ ಆಸ್ಪತ್ರೆಯಲ್ಲಿತ್ತು. ಅದಕ್ಕೂ ಅಮ್ಮನಿಗೂ ನಡುವೆ ಅಡ್ಡ ನಿಂತವಳು ನಾನು. ನನ್ನನ್ನು ಪಕ್ಕಕ್ಕೆ ಸರಿಸಿದವರು ಯಾರು? ನನ್ನ ಬಳಿ ಇರುವುದು ಒಂದೇ ಉತ್ತರ. ಈಗ ಶನಿವಾರ ನಾನೂ ಗುಡಿಗೆ ಹೋಗುತ್ತೇನೆ. ಅಮ್ಮನ ಬಲಕ್ಕೆ ನಡೆಯುತ್ತೇನೆ, ಕೇಳಿಸುವ ಕಿವಿಗೆ ಒಂದೊಂದೇ ಮೆಟ್ಟಿಲು ಹೇಳುತ್ತಾ.