ಕಣ್ಣು ತೆರೆದ ಫೋಟೋ

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಜಾಗ ಬೇಕೆಂದರೆ ಸಾಯಬೇಕಿತ್ತು. ಅಜ್ಜ, ಅಜ್ಜಿ, ಹೆರಿಗೆಯಲ್ಲಿ ಹೋದ ಸೋದರತ್ತೆ, ಮೂವರೂ ಅಲ್ಲಿದ್ದರು. ನಮ್ಮೂರು ಮಿಶ್ರಿಕೋಟಿಯಲ್ಲಿ ನಮ್ಮ ಮಂದಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುತ್ತಾರೆ. ಅದಕ್ಕೂ ಮುಂಚೆ ಹೆಣವನ್ನು ಮೀಯಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಗೋಡೆಗೆ ಆನಿಸಿ ಕೂಡಿಸಿ, ಕಲಘಟಗಿಯಿಂದ ಫೋಟೋದವನನ್ನು ಕರೆಸುವುದು ಪದ್ಧತಿ. ಎಷ್ಟೋ ಜನರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಹೀಗಾಗಿ ನಮ್ಮ ಗೋಡೆಯವರೆಲ್ಲ ಕಣ್ಣು ಮುಚ್ಚಿಕೊಂಡೇ ಇದ್ದರು.

ಬದುಕಿದ್ದವರ ಫೋಟೋ ತೆಗೆದರೆ ಆಯುಷ್ಯ ಸವೆಯುತ್ತದೆ ಎಂದು ಅವ್ವ ಗಟ್ಟಿಯಾಗಿ ನಂಬಿದ್ದಳು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವಳು ಎಲ್ಲ ಕಡೆ ಇದ್ದಾಳೆ, ಆದರೆ ಬರೀ ಸೆರಗು. ಕ್ಯಾಮರಾ ತಿರುಗಿದ್ದೇ ತಡ, ಅಲ್ಲಿಂದ ಮುಖ ಮಾಯ. ನನಗೆ ಆಗ ಸಿಟ್ಟು ಬಂದಿತ್ತು. ಮಗಳ ಮದುವೆಗಿಂತ ತನ್ನ ಆಯುಷ್ಯವೇ ಹೆಚ್ಚಾಯಿತೇ ಎಂದು ಜಗಳವಾಡಿದ್ದೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವಳ ಹೊಟ್ಟೆನೋವು ತೋರಿಸಲು ಧಾರವಾಡಕ್ಕೆ ಕರೆದುಕೊಂಡು ಹೋಗಿದ್ದೆ. ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರು ಅವಳನ್ನು ಹೊರಗೆ ಕೂಡಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಗಡ್ಡೆ ಬಲಿತಿದೆ, ಕೊಯ್ಯುವ ಹಂತ ದಾಟಿದೆ, ಮಳೆಗಾಲ ಮುಗಿಯುವವರೆಗೆ ಉಳಿದರೆ ಹೆಚ್ಚು ಎಂದರು. ಊರಿಂದ ಹೊರಡುವಾಗಲೇ ಅಪ್ಪ ನನ್ನನ್ನು ಬದಿಗೆ ಕರೆದು ಹೇಳಿದ್ದ: "ಏನರ ಕೆಟ್ಟದ್ದು ಅಂದ್ರ ಅಕಿ ಮುಂದ ಬಾಯಿ ಬಿಡಬ್ಯಾಡ. ಗೊತ್ತಾದ್ರ ಅಕಿ ಅವತ್ತಿಂದನ ಅನ್ನಾ ಬಿಡ್ತಾಳ." ನಾನು ಹೊರಗೆ ಬಂದು, "ಹುಣ್ಣಾಗೇತಂತವ್ವಾ, ಗುಳಿಗಿ ಕೊಟ್ಟಾರ," ಎಂದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲು ಹೆಂಚಿನ ಹಾಗೆ ಕಾದಿತ್ತು. ಆಸ್ಪತ್ರೆಯ ರಸ್ತೆಯಲ್ಲೇ ಒಂದು ಕಲಾ ಸಂಗ್ರಹಾಲಯ, ಹೊರಗೆ ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು: ಅಮೆರಿಕದ ಅಚ್ಚುಚಿತ್ರ ಮತ್ತು ಛಾಯಾಚಿತ್ರಗಳ ಪ್ರದರ್ಶನ. ನನಗೆ ಬೇಕಾಗಿದ್ದದ್ದು ಕಲೆಯಲ್ಲ, ಒಂದು ಫ್ಯಾನು, ಒಂದು ಬೆಂಚು. ಟಿಕೀಟೂ ಇರಲಿಲ್ಲ. ಒಳಗೆ ಹೋದೆವು.

ಮೊದಲ ಕೋಣೆಯಲ್ಲಿ ಅಚ್ಚುಚಿತ್ರಗಳಿದ್ದವು. ಕರಿ ಸೇತುವೆ, ಕರಿ ಚಿಮಣಿ, ರೊಟ್ಟಿಗಾಗಿ ಸಾಲು ನಿಂತ ಗಂಡಸರ ಕರಿ ಬೆನ್ನು. "ಎಷ್ಟ ಮಸಿ ಸುರಿದಾರ ಬೇ," ಎಂದು ಅವ್ವ ಮುಂದೆ ನಡೆದಳು. ಎರಡನೆಯ ಕೋಣೆಗೆ ಕಾಲಿಟ್ಟವಳು ತಟ್ಟನೆ ನಿಂತು ಚಪ್ಪಲಿ ಬಿಟ್ಟಳು. ನಾಲ್ಕೂ ಗೋಡೆಗಳ ಮೇಲೆ ಮನುಷ್ಯರ ಮುಖಗಳು. ಹೊಲದಾಳುಗಳು, ಗಣಿಯವರು, ಹರಕು ಅಂಗಿಯ ಮಕ್ಕಳು.

"ಅಯ್ಯ ಶಿವನ," ಎಂದಳು ಸಣ್ಣಗೆ. "ಇಷ್ಟ ಮಂದಿ ಸತ್ತಾರ, ಒಬ್ಬರಿಗೂ ಮಾಲಿ ಹಾಕಿಲ್ಲಲ್ಲ?"

ಅವಳು ಒಂದೊಂದು ಫೋಟೋದ ಮುಂದೂ ನಿಂತು ಕೈ ಮುಗಿಯುತ್ತ ಹೋದಳು. ಒಂದು ಕಡೆ ನಿಂತೇಬಿಟ್ಟಳು. ಹಲಗೆ ಮನೆಯ ಮೆಟ್ಟಿಲ ಮೇಲೆ ಕೂತ ನಡುವಯಸ್ಸಿನ ಹೆಂಗಸು. ಮೊಣಕಾಲ ಮೇಲೆ ಎರಡೂ ಕೈ, ಕಾಲಲ್ಲಿ ದಾರ ಬಿಚ್ಚಿದ ಬೂಟು, ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಾಳೆ. ಅವ್ವ ಮುಡಿಯಲ್ಲಿದ್ದ ಸೇವಂತಿಗೆ ತೆಗೆದು ಆ ಫೋಟೋದ ಚೌಕಟ್ಟಿನ ಮೇಲಿಟ್ಟಳು.

"ಏ ಯವ್ವಾ, ಅಲ್ಲಿ ಏನೂ ಇಡಬ್ಯಾಡ್ರಿ!" ಎಂದು ಮೂಲೆಯಿಂದ ಕಾವಲಿನವನು ಕೂಗಿದ. "ಸತ್ತವರಲ್ಲರಿ ಅವರು!"

ಅವ್ವ ಹೂವನ್ನು ಮತ್ತೆ ಕೈಗೆ ತೆಗೆದುಕೊಂಡಳು. ನನ್ನ ಮುಖ ನೋಡಿದಳು. "ಇಕಿ ಬದುಕಿದ್ದಾಗ ತಗಸ್ಯಾಳೇನ?"

"ಎಲ್ಲಾರೂ ಹಂಗ ಅವ್ವಾ. ಫೋಟೋ ತಗದಾಗ ಬದುಕಿದ್ರು."

ಅವಳು ಮತ್ತೆ ಆ ಬೂಟಿನ ಹೆಂಗಸಿನ ಕಡೆ ತಿರುಗಿದಳು. "ದೂರದ ಗುಡ್ಡ ನುಣ್ಣಗ ಅಂತಾರ. ಅಮೆರಿಕಾದಾಗೂ ಇದ ಹಣೇಬರಹ," ಎಂದಳು. ಆಮೇಲೆ, "ಆದ್ರೂ ಇದು ಛಲೋ ನೋಡು. ನಮ್ಮ ಗ್ವಾಡಿ ಮ್ಯಾಗಿನವರನ್ನ ನಾವಷ್ಟ ನೋಡಬೇಕು. ಇಕಿ ನಮ್ಮನ್ನೂ ನೋಡ್ತಾಳ. ನಂದೂ ಹಿಂಗೊಂದು ತಗಸು. ಕಣ್ಣ ತೆರಕೊಂಡು."

ಜೀವಮಾನವಿಡೀ ಬೇಡ ಎಂದವಳು ತಾನಾಗಿಯೇ ಕೇಳಿದ್ದಳು. "ಇವತ್ತ ತಗಸೂಣವ್ವಾ. ಬಸ್ ಸ್ಟ್ಯಾಂಡ್ ಬಾಜೂಕ ಸ್ಟುಡಿಯೋ ಐತಿ."

"ಇವತ್ತ ಬ್ಯಾಡ. ಮಾರಿ ನೋಡು, ಸುಟ್ಟ ಬದನಿಕಾಯಿ ಆಗೇತಿ. ಸ್ವಲ್ಪ ಮೈ ಹತ್ತಲಿ. ದೀಪಾವಳಿಗೆ ತಗಸೂಣು."

"ಇಲ್ಲೀ ತನಕ ಬಂದೀವಲ್ಲವ್ವಾ. ಇವತ್ತ ಮುಗಿಸಿಬಿಡೂಣು."

"ಯಾಕ? ದೀಪಾವಳಿ ತನಕ ತಡ್ಯಾಕ ಆಗೂದಿಲ್ಲೇನು?"

ಅವ್ವನ ಎಡಗಣ್ಣು ಬಲಗಣ್ಣಿಗಿಂತ ತುಸು ಸಣ್ಣದು. ಚಿಕ್ಕಂದಿನಲ್ಲಿ ಜೋಳ ತೂರುವಾಗ ಹೊಟ್ಟಿನ ಸುಂಕು ಕಣ್ಣಿಗೆ ಹೊಕ್ಕು ರೆಪ್ಪೆ ಜೋತು ಬಿದ್ದಿತ್ತಂತೆ. ಯಾರಾದರೂ ಸುಳ್ಳು ಹೇಳಿದರೆ ಆ ಕಣ್ಣು ಇನ್ನೂ ಸಣ್ಣದಾಗುತ್ತಿತ್ತು. ಸಂತೆಯಲ್ಲಿ ತರಕಾರಿಯವರು ಅದಕ್ಕೇ ಅಂಜುತ್ತಿದ್ದರು. ನಾನೂ ಅದಕ್ಕೆ ಅಂಜಿಯೇ ಬೆಳೆದವಳು. ಈಗ ಹಟ ಹಿಡಿದರೆ ಎಲ್ಲವನ್ನೂ ಹೇಳಿದ ಹಾಗೆ. ಬಿಟ್ಟರೆ ಕಣ್ಣು ತೆರೆದ ಆ ಮುಖ ಹೋಯಿತು. ಅಪ್ಪನ ಮೇಲೆ, ಡಾಕ್ಟರ ಮೇಲೆ, ಸುಮ್ಮನೆ ಕೂತು ನೋಡುತ್ತಿದ್ದ ಆ ಅಮೆರಿಕದ ಹೆಂಗಸಿನ ಮೇಲೂ ನನಗೆ ಸಿಟ್ಟು ಬಂತು.

"ಆಗ್ತೈತವ್ವಾ," ಎಂದೆ. "ದೀಪಾವಳಿಗೇ ತಗಸೂಣು."

ಎಡಗಣ್ಣು ಸಣ್ಣದಾಯಿತು. ಅಷ್ಟೇ. ಹೂವನ್ನು ಮತ್ತೆ ಮುಡಿಗೆ ಸಿಕ್ಕಿಸಿಕೊಂಡು, "ಹೋಗೂಣು ನಡಿ," ಎಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಳು. ಊರು ಬರುವವರೆಗೆ ಗುಳಿಗೆಯ ಸುದ್ದಿಯನ್ನೂ ಎತ್ತಲಿಲ್ಲ.

ಶ್ರಾವಣದಲ್ಲಿ ಹೋದಳು. ಭತ್ತದ ನಾಟಿ ಆಗಷ್ಟೇ ಮುಗಿದಿತ್ತು. ಕಲಘಟಗಿಯ ಫೋಟೋದವನು ಕ್ಯಾಮರಾಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ಮಳೆಯಲ್ಲೇ ಮೋಟರ್ ಸೈಕಲ್ ಮೇಲೆ ಬಂದ. ಅವಳನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ತಲೆ ಜಾರದಂತೆ ಹಿಂದಿನಿಂದ ವಸ್ತ್ರ ಕಟ್ಟಿದ್ದರು. ಅದನ್ನು ನೋಡುತ್ತಲೇ ನನಗೆ ದುಃಖ ಒತ್ತರಿಸಿ ಬಂದು, ಧಾರವಾಡದಲ್ಲಿ ಅವಳು ಕೇಳಿದ್ದನ್ನೆಲ್ಲ ಅಪ್ಪನ ಮುಂದೆ ಹೇಳಿಬಿಟ್ಟೆ. ಅಪ್ಪ ಫೋಟೋದವನ ಕೈ ಹಿಡಿದುಕೊಂಡ. "ಏನರ ಮಾಡ್ರಿ. ಅಕಿಗೆ ಕಣ್ಣ ತೆರದ ಫೋಟೋ ಬೇಕಿತ್ತಂತ."

"ಅದಕ್ಯಾಕ ಚಿಂತಿ ಮಾಡ್ತೀರಿ?" ಎಂದ ಅವನು. "ಬ್ರಷ್‌ಲೆ ಕಣ್ಣ ಬರದು ಕೊಡ್ತೀನ್ರಿ. ಭಾಳ ಮಂದಿಗೆ ಮಾಡಿಕೊಟ್ಟೀನಿ."

ಬರೆದು ಕೊಟ್ಟ. ತಿಥಿಗೆ ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. "ಅಗದಿ ಜೀವಂತ ಕುಂತಂಗ ಐತಿ," ಎಂದರು. ಅಪ್ಪ ದಿನಾ ಬೆಳಗ್ಗೆ ಅದರ ಮುಂದೆ ನಿಲ್ಲುತ್ತಿದ್ದ. ಅವನಿಗೆ ಸಮಾಧಾನ ಸಿಕ್ಕಿತು, ಸಿಗಲಿ ಎಂದು ನಾನು ಬಾಯಿ ಮುಚ್ಚಿಕೊಂಡೆ.

ಮುಂದೆ ಒಂದು ವರ್ಷ ಅದೇ ಸಂಗ್ರಹಾಲಯಕ್ಕೆ ಮತ್ತೆ ಅಮೆರಿಕದ ಫೋಟೋಗಳು ಬಂದಿವೆ ಎಂದು ಕೇಳಿ ನಾನೊಬ್ಬಳೇ ಹೋದೆ. ಈ ಸಲ ಬೇರೆ ಮುಖಗಳು. ಮೆಟ್ಟಿಲ ಮೇಲಿನ ಹೆಂಗಸು ಇರಲಿಲ್ಲ. ಇರಲೇಬೇಕೆಂದೇನೂ ಇರಲಿಲ್ಲ, ಆ ಹೆಂಗಸಿನ ಕಣ್ಣು ನನಗೆ ಇವತ್ತಿಗೂ ಇದ್ದ ಹಾಗೆ ನೆನಪಿದೆ.

ಅವ್ವನ ಫೋಟೋ ಈಗ ನನ್ನ ಮನೆಯ ಗೋಡೆಯ ಮೇಲಿದೆ. ಫೋಟೋದವನು ಕೆಲಸ ಚೊಕ್ಕ ಮಾಡಿದ್ದಾನೆ. ಎರಡೂ ಕಣ್ಣು ಒಂದೇ ಅಳತೆ, ಎರಡೂ ಅಗಲ. ನಾನು ಏನು ಹೇಳಿದರೂ ನಂಬುತ್ತವೆ.